ಬೇಲೂರಿನಿಂದ ತಂದ ಮೂರು ಬಳೆ

ಜರಗನಹಳ್ಳಿಯಲ್ಲಿ ಎಲ್ಲರ ಮನೆಯ ಮುಂದೆ ರಂಗೋಲಿ ಇದ್ದರೆ ನಮ್ಮ ಮನೆಯ ಮುಂದೆ ಕಲ್ಲಿನ ಚಕ್ಕೆ ಬಿದ್ದಿರುತ್ತಿತ್ತು. ಅವ್ವ ಬೆಳಿಗ್ಗೆ ಗುಡಿಸಿ ಸಾರಿಸಿ ನಾಲ್ಕು ಚುಕ್ಕಿ ಇಡುವಷ್ಟರಲ್ಲಿ ಅಪ್ಪ ಉಳಿ ಸುತ್ತಿಗೆ ಹಿಡಿದು ಕೂತಾಗಿರುತ್ತಿತ್ತು. ಎಂಟು ಗಂಟೆಗೆ ಚುಕ್ಕಿಯೂ ಇಲ್ಲ, ರಂಗೋಲಿಯೂ ಇಲ್ಲ. ನಮ್ಮನೆಗೆ ಬಂದ ನೆಂಟರು ಚಪ್ಪಲಿ ಬಿಡಲು ಹೆದರುತ್ತಿದ್ದರು.

ಅಪ್ಪ ಒರಳುಕಲ್ಲು ಮಾಡುತ್ತಿದ್ದ. ಕೋಣನಕುಂಟೆಯ ಆಚೆಯ ಬಂಡೆಯಿಂದ ಎತ್ತಿನ ಗಾಡಿಯಲ್ಲಿ ಕಲ್ಲು ಬರುತ್ತಿತ್ತು. ಆಗ ಜಯನಗರ ಮುಗಿಯುತ್ತಾ ಬಂದಿತ್ತು, ಜೆ.ಪಿ. ನಗರ ಶುರುವಾಗಿತ್ತು. ಎಲ್ಲಿ ನೋಡಿದರೂ ಹೊಸ ಮನೆ. ಪ್ರತಿ ಹೊಸ ಮನೆಗೂ ಒಂದು ಒರಳು ಬೇಕು, ಬಟ್ಟೆ ಒಗೆಯಲು ಒಂದು ಕಲ್ಲು ಬೇಕು, ಬಾಗಿಲಿಗೆ ನಾಲ್ಕು ಮೆಟ್ಟಿಲು ಬೇಕು. ವರ್ಷ ಎರಡು ವರ್ಷ ರುಬ್ಬಿ ಒರಳು ನುಣುಪಾದರೆ ಮತ್ತೆ ಉಳಿಯಿಂದ ಹೊಡೆದು ಒರಟು ಮಾಡಿಕೊಡಲು ಅಪ್ಪನನ್ನೇ ಕರೆಯುತ್ತಿದ್ದರು. ಜಯನಗರದ ಎಷ್ಟು ಮನೆಗಳ ಇಡ್ಲಿ ನಮ್ಮಪ್ಪನ ಕೈಯಿಂದ ಮೃದುವಾಗಿತ್ತೋ ದೇವರಿಗೇ ಗೊತ್ತು.

ಒರಳಿನ ಕುಳಿಯನ್ನು ತೋಡುವುದು ಕಷ್ಟವಲ್ಲ, ಅದಕ್ಕೆ ಗುಂಡು ಕೂರಿಸುವುದು ಕಷ್ಟ. ಗುಂಡು ಎಂದರೆ ರುಬ್ಬುವಾಗ ಕೈಯಲ್ಲಿ ಹಿಡಿದು ತಿರುಗಿಸುವ ಕಲ್ಲು. ಕೆಳಗೆ ದಪ್ಪ, ಮೇಲೆ ಹಿಡಿಯಲು ಸಣ್ಣ ಕತ್ತು. ಅದು ಕುಳಿಯಲ್ಲಿ ಎಲ್ಲ ಕಡೆ ಸಮನಾಗಿ ತಾಗಬೇಕು, ಇಲ್ಲದಿದ್ದರೆ ಹಿಟ್ಟಿನಲ್ಲಿ ಉದ್ದಿನ ತರಿ ಉಳಿದು ಮನೆಯೊಡತಿ ಬೈಯುತ್ತಾಳೆ. ಆದ್ದರಿಂದ ಅಪ್ಪ ಉಳಿಯ ಕೆಲಸ ಮುಗಿಸಿದ ಮೇಲೆ ಕುಳಿಗೆ ಮರಳು ನೀರು ಹಾಕಿ ಗುಂಡನ್ನು ತಿರುಗಿಸುತ್ತಾ ಕೂರುತ್ತಿದ್ದ. ಒಂದು ದಿನ, ಕೆಲವೊಮ್ಮೆ ಎರಡು ದಿನ. ಕಲ್ಲಿಗೆ ಕಲ್ಲೇ ಉಜ್ಜಿ ಎರಡೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ. ಪಕ್ಕದಲ್ಲಿ ಕೂತು ಮರಳು ಹಾಕುವುದು, ನೀರು ಚಿಮುಕಿಸುವುದು ನನ್ನ ಕೆಲಸ. ಸ್ಕೂಲಿಗೆ ಹೊರಡುವ ಮುಂಚೆ ಅರ್ಧ ಗಂಟೆ, ಬಂದ ಮೇಲೆ ಒಂದು ಗಂಟೆ. ನನಗೆ ಆ ಕೆಲಸ ಕಂಡರೆ ಮೈ ಉರಿಯುತ್ತಿತ್ತು. ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಕೆಸರು ಕೂತರೆ ಯಾವ ಸೋಪಿಗೂ ಹೋಗುತ್ತಿರಲಿಲ್ಲ.

ನಾನು ಓದುತ್ತಿದ್ದದ್ದು ಜಯನಗರದ ಒಂದು ಹುಡುಗಿಯರ ಹೈಸ್ಕೂಲಿನಲ್ಲಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನನ್ನ ಪಕ್ಕ ಕೂರುವವಳ ಅಪ್ಪ ಬ್ಯಾಂಕಿನಲ್ಲಿ ಆಫೀಸರು, ಮುಂದಿನ ಬೆಂಚಿನವಳ ಅಪ್ಪ ಕಾಲೇಜಿನ ಮೇಷ್ಟ್ರು, ಹಿಂದಿನವಳ ಅಪ್ಪ ಡಾಕ್ಟರು. ಒಂಬತ್ತನೇ ಕ್ಲಾಸಿನ ಮೊದಲ ವಾರ ಇತಿಹಾಸದ ಮಿಸ್ಸು ಎಲ್ಲರನ್ನೂ ನಿಲ್ಲಿಸಿ ತಂದೆಯ ಕೆಲಸ ಕೇಳುತ್ತಾ ಬಂದರು. ನನ್ನ ಸರದಿ ಬಂತು. ಬ್ಯಾಂಕ್ ಆಫೀಸರ ಮಗಳು ನನ್ನ ಉಗುರನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ 'ಶಿಲ್ಪಿ' ಎಂಬ ಮಾತು ಬಂದೇಬಿಟ್ಟಿತು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಆದರೆ ಮುಡಿದ ಮಲ್ಲಿಗೆಯ ಸುಖವೂ ಒಂದಿರುತ್ತದೆ, ಸುಳ್ಳು ಹೇಳಬಾರದು. ಮಿಸ್ಸಿನ ಮುಖ ಅರಳಿತು. ಕ್ಲಾಸಿನ ಹುಡುಗಿಯರೆಲ್ಲ ತಿರುಗಿ ನೋಡಿದರು. ಅಲ್ಲಿಂದ ಮುಂದೆ ದೇವಸ್ಥಾನದ ಪಾಠ ಬಂದಾಗಲೆಲ್ಲ ಮಿಸ್ಸು ನನ್ನ ಕಡೆ ನೋಡಿ ನಗುತ್ತಿದ್ದರು, ನಾನೂ ಏನೋ ತಿಳಿದವಳ ಹಾಗೆ ತಲೆ ಆಡಿಸುತ್ತಿದ್ದೆ. ಅಪ್ಪ ಎಲ್ಲಿ ಕೆತ್ತುತ್ತಾರೆ ಎಂದು ಗೆಳತಿಯರು ಕೇಳಿದರೆ 'ದೂರದ ಗುಡಿಗಳಿಗೆ' ಎನ್ನುತ್ತಿದ್ದೆ. ಅದೇ ಹೊತ್ತಿಗೆ ಅಪ್ಪ ಅವರದೇ ಬೀದಿಯಲ್ಲಿ ಯಾರದೋ ಹಿತ್ತಿಲಲ್ಲಿ ಕೂತು ಒರಳಿಗೆ ಉಳಿ ಹೊಡೆಯುತ್ತಿರಬಹುದು ಎಂದು ನೆನೆದು ಬೇಗ ಮಾತು ಬದಲಿಸುತ್ತಿದ್ದೆ.

ದಸರಾ ರಜೆ ಕಳೆದ ಮೇಲೆ ಸ್ಕೂಲಿನಿಂದ ಬೇಲೂರಿಗೆ ಒಂದು ದಿನದ ಪ್ರವಾಸ ಎಂದರು. ಮಿಸ್ಸು ನನ್ನನ್ನು ಸ್ಟಾಫ್ ರೂಮಿಗೆ ಕರೆದು ಒಂದು ಚೀಟಿ ಕೊಟ್ಟರು. ನಿಮ್ಮ ತಂದೆಯವರು ನಮ್ಮ ಜೊತೆ ಬರಬೇಕು, ಶಿಲ್ಪಿಗಳ ಬಾಯಿಂದಲೇ ಮಕ್ಕಳು ಕೇಳಲಿ ಎಂದರು. ಮೂರು ದಿನ ಆ ಚೀಟಿ ನನ್ನ ಜಾಮಿಟ್ರಿ ಬಾಕ್ಸಿನಲ್ಲೇ ಇತ್ತು. ಅಪ್ಪನಿಗೆ ಓದಲು ಬಾರದು, ಹರಿದು ಹಾಕಿದ್ದರೂ ತಿಳಿಯುತ್ತಿರಲಿಲ್ಲ. ಆದರೆ ಮಿಸ್ಸು ದಿನಾ ಕೇಳುತ್ತಿದ್ದರು. ಕೊನೆಗೆ ನಾನೊಂದು ಉಪಾಯ ಹೂಡಿದೆ. ಪ್ರವಾಸಕ್ಕೆ ಮನೆಯಿಂದ ಒಬ್ಬರು ದೊಡ್ಡವರು ಬರಬಹುದಂತೆ, ಬೇಲೂರಂತೆ, ನಿನಗೆ ಕೆಲಸ ಇದೆಯಲ್ಲ, ಆಗಲ್ಲ ಅಂತ ಹೇಳಿಬಿಡಲಾ ಎಂದು ಅಪ್ಪನನ್ನು ಕೇಳಿದೆ.

ಅಪ್ಪ ಸುತ್ತಿಗೆ ಕೆಳಗಿಟ್ಟ. ಇನ್ನೊಮ್ಮೆ ಹೇಳು ಎಂದ. ಹೇಳಿದೆ. ನಾನು ಮರೆತ ಸಂಗತಿ ಒಂದಿತ್ತು. ಬೇರೆಯವರು ಕಾಶಿಯ ಮಾತಾಡುವ ಹಾಗೆ ನಮ್ಮ ಕಲ್ಲಿನ ಕೆಲಸದವರು ಬೇಲೂರಿನ ಮಾತಾಡುತ್ತಿದ್ದರು. ಕಲ್ಲಿನಲ್ಲಿ ಕೆತ್ತಿದ ಹೆಣ್ಣಿನ ಬಳೆ ತಿರುಗುತ್ತದಂತೆ, ಕಲ್ಲಿನ ಹಲಸಿನ ಹಣ್ಣಿನ ಮೇಲೆ ಕಲ್ಲಿನ ನೊಣ ಕೂತಿದೆಯಂತೆ ಎಂದು ಬೀಡಿ ಸೇದುತ್ತಾ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬರೂ ಹೋಗಿ ನೋಡಿದವರಲ್ಲ. 'ನಾವು ಬಂಡೆ ಒಡೆಯೋ ಜನ, ಅವರೆಲ್ಲಿ ನಾವೆಲ್ಲಿ' ಎಂದು ಅಪ್ಪ ಮಾತು ಮುಗಿಸುತ್ತಿದ್ದ. ಈಗ ಬೇಲೂರೇ ಮನೆ ಬಾಗಿಲಿಗೆ ಬಂದಿತ್ತು. ಬರುತ್ತೇನೆ ಎಂದು ಹೇಳು ಎಂದ. ಮಾರನೆಯ ದಿನವೇ ಸಾರಕ್ಕಿಯ ಕಮ್ಮಾರನ ಹತ್ತಿರ ಹೊಸ ಉಳಿ ಮಾಡಿಸಲು ಹೋದ. ಒರಳಿಗೆ ತಲೆ ಕೊಟ್ಟಾಗಿತ್ತು, ಇನ್ನು ಒನಕೆ ಪೆಟ್ಟಿಗೆ ಹೆದರಿ ಏನು ಮಾಡುವುದು ಎಂದು ನಾನು ಸುಮ್ಮನಾದೆ.

ಪ್ರವಾಸದ ದಿನ ಅಪ್ಪ ಪೆಟ್ಟಿಗೆಯಲ್ಲಿದ್ದ ಬಿಳಿ ಪಂಚೆ ಉಟ್ಟು, ಬಿಳಿ ಶರಟು ತೊಟ್ಟು, ಹೆಗಲಿಗೆ ಒಂದು ಬಟ್ಟೆ ಚೀಲ ಹಾಕಿಕೊಂಡ. ಆ ಬಟ್ಟೆಯಲ್ಲಿ ನೋಡಿದರೆ ಯಾರಾದರೂ ಶಿಲ್ಪಿ ಎಂದು ನಂಬಬಹುದು ಅನ್ನಿಸಿ ನನಗೆ ಕೊಂಚ ಧೈರ್ಯ ಬಂತು. ಬಸ್ಸಿನಲ್ಲಿ ಅಪ್ಪನನ್ನು ಡ್ರೈವರ್ ಪಕ್ಕ ಕೂರಿಸಿ, ಮಿಸ್ಸನ್ನು ಹಾಡು ಹೇಳಿಸುವ ನೆಪದಲ್ಲಿ ಹಿಂದಿನ ಸೀಟಿಗೆ ಎಳೆದುಕೊಂಡು ಹೋದೆ. ನೆಲಮಂಗಲ ದಾಟಿತು, ಕುಣಿಗಲ್ ದಾಟಿತು. ಎಡೆಯೂರಿನಲ್ಲಿ ಪುಳಿಯೋಗರೆ ತಿನ್ನಲು ಇಳಿದಾಗ ಮಿಸ್ಸು ಎಲೆ ಹಿಡಿದು ನೇರವಾಗಿ ಅಪ್ಪನ ಹತ್ತಿರ ನಡೆದರು. ನಾನು ಓಡಿಹೋಗಿ ನಡುವೆ ನಿಂತು, ಅಪ್ಪನಿಗೆ ಬಸ್ಸಿನಲ್ಲಿ ಹೊಟ್ಟೆ ತೊಳೆಸುತ್ತದೆ, ಮಾತಾಡಿದರೆ ವಾಂತಿಯಾಗುತ್ತದೆ ಎಂದೆ. ಮೂರನೇ ಸಲ ಪುಳಿಯೋಗರೆ ಹಾಕಿಸಿಕೊಳ್ಳುತ್ತಿದ್ದ ಅಪ್ಪ ನನ್ನನ್ನೇ ವಿಚಿತ್ರವಾಗಿ ನೋಡಿದ.

ಬೇಲೂರು ತಲುಪಿದಾಗ ಹನ್ನೊಂದು ದಾಟಿತ್ತು. ಹಂಚಿನ ಮನೆಗಳು, ಸಣ್ಣ ಅಂಗಡಿಗಳು, ಸೌತೆಕಾಯಿ ಮಾರುವವರು, ಜಟಕಾ ಗಾಡಿ. ಇಷ್ಟು ಚಿಕ್ಕ ಊರಿನಲ್ಲಿ ಅಷ್ಟು ದೊಡ್ಡದು ಏನಿದ್ದೀತು ಎಂದುಕೊಂಡೇ ಗೋಪುರದ ಕೆಳಗೆ ದಾಟಿದೆ. ದಾಟಿದ ಮೇಲೆ ನಿಂತುಬಿಟ್ಟೆ.

ನಾನು ಅದುವರೆಗೆ ಕಲ್ಲನ್ನು ಎಷ್ಟು ನೋಡಿದ್ದೆ. ಕಲ್ಲಿನ ಮೇಲೇ ಹುಟ್ಟಿದವಳು ಅನ್ನಬೇಕು. ಆದರೆ ಕಲ್ಲು ಹೀಗೂ ಇರಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ. ಗುಡಿ ನೆಲದಿಂದ ಎದ್ದು ನಿಂತಿರಲಿಲ್ಲ, ಒಂದು ದೊಡ್ಡ ಜಗಲಿಯ ಮೇಲೆ ಮೂಲೆ ಮೂಲೆಯಾಗಿ ಮಡಿಸಿಟ್ಟ ರೇಷ್ಮೆ ಸೀರೆಯ ಹಾಗೆ ಕೂತಿತ್ತು. ಕೆಳಗಿನ ಸಾಲಿನಲ್ಲಿ ಆನೆಗಳು. ಎಣಿಸೋಣ ಎಂದು ಹೊರಟೆ. ಒಂದು ಸೊಂಡಿಲು ಎತ್ತಿದೆ, ಒಂದು ಮುಂದಿನದರ ಬಾಲ ಹಿಡಿದಿದೆ, ಒಂದು ಹಿಂದಕ್ಕೆ ತಿರುಗಿ ನೋಡುತ್ತಿದೆ. ಒಂದರ ಹಾಗೆ ಇನ್ನೊಂದಿಲ್ಲ. ಎರಡು ಮೂಲೆ ತಿರುಗುವಷ್ಟರಲ್ಲಿ ಲೆಕ್ಕ ತಪ್ಪಿತು, ಮತ್ತೆ ಎಣಿಸುವ ಮನಸ್ಸೂ ಹೋಯಿತು. ಬಾಯಿ ತೆರೆದುಕೊಂಡು ನಡೆದೆ. ಅಂಗಳದ ಚಪ್ಪಡಿ ಬಿಸಿಲಿಗೆ ಕಾದು ಹುಡುಗಿಯರೆಲ್ಲ ಕುಣಿಯುತ್ತಾ ನೆರಳಿಗೆ ಓಡುತ್ತಿದ್ದರು. ಅಪ್ಪ ಮಾತ್ರ ನಿಧಾನವಾಗಿ ನಡೆಯುತ್ತಿದ್ದ. ಬಂಡೆಯ ಮೇಲೆ ಬರಿಗಾಲಲ್ಲಿ ತಿರುಗಿದ ಅಂಗಾಲು, ಅದಕ್ಕೆ ಯಾವ ಬಿಸಿ?

ಆದರೆ ಅಪ್ಪನ ಮುಖದಲ್ಲಿ ನಾನು ನೆನೆಸಿದ್ದ ಬೆರಗು ಇರಲಿಲ್ಲ. ಗೋಡೆಯ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳಿದ. ಇನ್ನೊಂದು ಕಡೆ ತಟ್ಟಿದ. ಆಮೇಲೆ ನನ್ನ ಹತ್ತಿರ ಬಂದು ಇದು ಬಳಪದ ಕಲ್ಲು ಎಂದು ಪಿಸುಗುಟ್ಟಿದ. ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಾರಲ್ಲ ಅಂಥದ್ದು, ಮಣ್ಣಿನಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ, ನಮ್ಮ ಕೋಣನಕುಂಟೆಯ ಕಲ್ಲಿನಲ್ಲಿ ಹೀಗೆ ಕೆತ್ತಿದ್ದರೆ ಆಗ ಒಪ್ಪುತ್ತಿದ್ದೆ ಎಂದ. ಬೇಲೂರಿನ ಮುಂದೆ ನಿಂತು ಬೇಲೂರಿಗೇ ಮೂಗು ಮುರಿದವರು ನನಗೆ ಗೊತ್ತಿದ್ದ ಹಾಗೆ ನಮ್ಮಪ್ಪ ಒಬ್ಬನೇ. ನನಗೆ ನಗು ಬಂತು, ಸಿಟ್ಟೂ ಬಂತು.

ಅಷ್ಟಾದರೂ ಪದ್ಧತಿ ಬಿಡುವ ಹಾಗಿಲ್ಲ. ನಮ್ಮವರಲ್ಲಿ ಹೊಸ ಉಳಿ ಮಾಡಿಸಿದರೆ ಕಲ್ಲಿಗೆ ಇಡುವ ಮುಂಚೆ ಗುಡಿಯ ಹೊಸ್ತಿಲಿಗೆ ಮುಟ್ಟಿಸಬೇಕು. ಊರಲ್ಲಾದರೆ ಊರಿನ ಗುಡಿ. ಅಪ್ಪ ಸಾರಕ್ಕಿಯ ಉಳಿಯನ್ನು ಬೇಲೂರಿನ ಹೊಸ್ತಿಲಿಗೆಂದೇ ತಂದಿದ್ದ. ಮುಂಬಾಗಿಲ ಮೆಟ್ಟಿಲು ಹತ್ತಿ, ಚೀಲದಿಂದ ಅದನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಿಗೆ ಬಾಗಿದ. ಎಂಟುನೂರು ವರ್ಷದ ಗುಡಿಯ ಹೊಸ್ತಿಲಿಗೆ ಒಬ್ಬ ಮನುಷ್ಯ ಉಳಿ ಹಿಡಿದು ಬಾಗಿದರೆ ಕಾವಲುಗಾರ ಏನೆಂದುಕೊಳ್ಳಬೇಕು? ಅವನು ಕೂಗಿಕೊಂಡು ಓಡಿ ಬಂದ. ಅಪ್ಪನ ರಟ್ಟೆ ಹಿಡಿದ. ಯಾವೂರು, ಯಾರು ಕಳಿಸಿದ್ದು, ಯಾವ ಬೊಂಬೆ ಕೀಳೋಕೆ ಬಂದೆ ಎಂದು ಒಂದೇ ಉಸಿರಿಗೆ ಕೇಳಿದ. ಜನ ಸೇರಿದರು.

ಮಿಸ್ಸು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಗಂಭೀರವಾದ ಹೆಂಗಸು, ಕನ್ನಡಕ ಸರಿ ಮಾಡಿಕೊಂಡು ಕಾವಲುಗಾರನಿಗೆ ಹೇಳಿದರು.

"ಕೈ ಬಿಡಿ. ಅವರು ಶಿಲ್ಪಿಗಳು. ನಮ್ಮ ಹುಡುಗೀರಿಗೆ ಗುಡಿ ಬಗ್ಗೆ ಹೇಳೋಕೆ ಅಂತ ನಾವೇ ಕರ್ಕೊಂಡು ಬಂದಿದೀವಿ."

ಕಾವಲುಗಾರ ಕೈ ಸಡಿಲಿಸಿದ. ಅಪ್ಪ ಸುಮ್ಮನೆ ತಲೆ ಆಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಲೆ ಆಡಿಸಪ್ಪ, ಒಂದೇ ಒಂದು ಸಲ ಎಂದು ನಾನು ಒಳಗೊಳಗೇ ಎಲ್ಲ ದೇವರಿಗೂ ಹರಕೆ ಹೊತ್ತೆ. ಅಪ್ಪ ಮಿಸ್ಸನ್ನು ನೋಡಿದ. ಹುಡುಗಿಯರ ನಡುವೆ ಹುಡುಕಿ ನನ್ನನ್ನು ನೋಡಿದ. ಎಡೆಯೂರಿನ ವಾಂತಿಯ ಮಾತಿನಿಂದ ಹಿಡಿದು ಎಲ್ಲವೂ ಅವನಿಗೆ ಆ ಒಂದು ಗಳಿಗೆಯಲ್ಲಿ ತಿಳಿಯಿತು ಎಂದು ನನಗೂ ತಿಳಿಯಿತು.

"ಅಲ್ಲ ಅಮ್ಮಾವ್ರೇ," ಎಂದ. "ನಾನು ಶಿಲ್ಪಿ ಅಲ್ಲ. ಒರಳುಕಲ್ಲು ಮಾಡೋನು."

ಬ್ಯಾಂಕ್ ಆಫೀಸರ ಮಗಳು ಕಿಸಕ್ಕನೆ ನಕ್ಕಳು. ಅವಳು ನಕ್ಕಳೆಂದು ಉಳಿದವರೂ ನಕ್ಕರು. ಮಿಸ್ಸು ನಗಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದೇ ಹೆಚ್ಚು ಉರಿಯಿತು. ಅಪ್ಪ ಪದ್ಧತಿಯನ್ನು ವಿವರಿಸಿದ ಮೇಲೆ ಕಾವಲುಗಾರ ಉಳಿಯನ್ನು ತನ್ನ ಹತ್ತಿರ ಇಟ್ಟುಕೊಂಡು ಹೋಗುವಾಗ ಕೊಡುತ್ತೇನೆ ಎಂದ. ಮಿಸ್ಸು ಒಬ್ಬ ಗೈಡನ್ನು ಕರೆದು ಎಲ್ಲರನ್ನೂ ಒಳಗೆ ಕರೆದುಕೊಂಡು ಹೋದರು. ಅಪ್ಪ ಬರಿಗೈಯಲ್ಲಿ ಅವರ ಹಿಂದೆ ಹೋದ. ನಾನು ಹೋಗಲಿಲ್ಲ. ಹೊರಗಿನ ಗೋಡೆಯ ಬುಡದಲ್ಲಿ ಆನೆಗಳ ಕಡೆ ಮುಖ ಮಾಡಿ ಕೂತೆ. ಇನ್ನು ಆ ಸ್ಕೂಲಿಗೆ ಕಾಲಿಡುವುದಿಲ್ಲ ಎಂದು ತೀರ್ಮಾನ ಮಾಡಿದೆ. ಅಪ್ಪನ ಮೇಲೆ ಎಷ್ಟು ಕೋಪ ಬಂದಿತ್ತೆಂದರೆ, ಸುಳ್ಳು ಹೇಳಿದ್ದು ನಾನು ಎನ್ನುವುದೇ ಮರೆತುಹೋಗಿತ್ತು.

ಎಷ್ಟೋ ಹೊತ್ತಾದ ಮೇಲೆ ಡಾಕ್ಟರ ಮಗಳು ಓಡಿ ಬಂದಳು.

"ಏಯ್, ಬಾ ಬೇಗ. ನಿಮ್ಮಪ್ಪ ಕಂಬದ ಹತ್ರ ಕೂತ್ಬಿಟ್ಟಿದಾರೆ. ಗೈಡ್ ಕರೆದ್ರೂ ಏಳ್ತಾ ಇಲ್ಲ."

ಹೊಸ್ತಿಲು ದಾಟಿದರೆ ಒಳಗೆ ಕತ್ತಲು. ಬಿಸಿಲಿನಿಂದ ಬಂದ ಕಣ್ಣಿಗೆ ಏನೂ ಕಾಣಲಿಲ್ಲ, ಅಂಗಾಲಿಗೆ ಮಾತ್ರ ಬಾವಿಯ ನೀರಿನಂಥ ತಂಪು. ಆಮೇಲೆ ಒಂದೊಂದಾಗಿ ಕಂಬಗಳು ಕಾಣಿಸಿದವು. ಕತ್ತಲೊಳಗೆ ಹೊಳೆಯುತ್ತಿದ್ದ ಕಪ್ಪು ಕಂಬಗಳು. ಮೇಲೆ ಗಂಟೆಯ ಆಕಾರ, ಅದರ ಕೆಳಗೆ ತಟ್ಟೆಯ ಹಾಗೆ ಹರಡಿದ ಅಂಚು, ಅದರ ಕೆಳಗೆ ಸುತ್ತಲೂ ಬಳೆಯ ಹಾಗೆ ಒಂದರ ಮೇಲೊಂದು ಗೆರೆ. ಬಾಗಿಲಿನ ಬೆಳಕು ಅವುಗಳ ಮೇಲೆ ಬಿದ್ದು ಜಾರುತ್ತಿತ್ತು. ಅಂಥ ಒಂದು ಕಂಬದ ಬುಡದಲ್ಲಿ ಅಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಕಣ್ಣು ಮುಚ್ಚಿತ್ತು. ಬಲಗೈಯ ಹೆಬ್ಬೆರಳಿನ ಉಗುರನ್ನು ಒಂದು ಬಳೆಯ ಮೇಲಿಟ್ಟು ಮೆಲ್ಲಗೆ ಸುತ್ತ ಸರಿಸುತ್ತಿದ್ದ.

ನಾನು ಹತ್ತಿರ ಹೋಗಿ ಏಳಪ್ಪ, ಎಲ್ಲರೂ ನೋಡುತ್ತಿದ್ದಾರೆ ಎಂದೆ. ಅಪ್ಪ ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡ. ನನ್ನ ಉಗುರನ್ನು ಆ ಗೆರೆಯ ಮೇಲೆ ಇಟ್ಟ.

"ಎಲ್ಲಾದ್ರೂ ಸಿಕ್ಕಾಕ್ಕೊಳ್ತದಾ ನೋಡು."

ಸಿಕ್ಕಿಕೊಳ್ಳಲಿಲ್ಲ. ಉಗುರು ಕಂಬವನ್ನು ಅರ್ಧ ಸುತ್ತಿತು, ಕೈ ಚಾಚಿದಷ್ಟೂ ಹೋಯಿತು. ಎಲ್ಲೂ ತಡೆಯಿಲ್ಲ, ಏರಿಲ್ಲ, ಇಳಿವಿಲ್ಲ.

"ಇದನ್ನ ಕೆತ್ತಿಲ್ಲ ಕಣವ್ವ," ಎಂದ ಅಪ್ಪ. ಅವನ ದನಿ ಬೇರೆಯಾಗಿತ್ತು. "ಕೆತ್ತಿದ್ರೆ ಉಳಿ ಗುರುತು ಇರ್ತದೆ, ಎಷ್ಟು ಉಜ್ಜಿದ್ರೂ ಉಗುರಿಗೆ ಗೊತ್ತಾಗ್ತದೆ. ಇದನ್ನ ತಿರುಗಿಸವ್ರೆ. ಉಳಿ ಒಂದೇ ಕಡೆ ನಿಂತದೆ, ಕಂಬಾನೇ ತಿರುಗ್ಯದೆ. ಮರಳು ಹಾಕಿ, ನೀರು ಹಾಕಿ. ನಾವು ಗುಂಡು ತಿರುಗಿಸ್ತೀವಲ್ಲ, ಹಂಗೆ."

ನಾನು ತಲೆ ಎತ್ತಿ ಆ ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿದೆ. ನಮ್ಮ ಗುಂಡು ಒಂದು ಮೊಳವಿಲ್ಲ, ಅದನ್ನು ಒಂದು ದಿನ ತಿರುಗಿಸಿದರೆ ಅಪ್ಪ ರಾತ್ರಿ ತೋಳಿಗೆ ಬಿಸಿನೀರು ಹಾಕಿಸಿಕೊಳ್ಳುತ್ತಿದ್ದ. ಇದನ್ನು ತಿರುಗಿಸಿದವರು ಎಷ್ಟು ಜನ, ಹಗ್ಗ ಯಾವುದು, ಎಷ್ಟು ತಿಂಗಳು? ಒಂದು ಕಂಬವಲ್ಲ, ಸುತ್ತಲೂ ಕಂಬಗಳ ಕಾಡೇ ಇತ್ತು. ಹೊರಗಿನ ಆನೆಗಳನ್ನು ನೋಡಿ ಬಾಯಿ ತೆರೆದಿದ್ದೆ ನಿಜ, ಆದರೆ ಅದು ಜಾತ್ರೆಯಲ್ಲಿ ಬೊಂಬೆ ನೋಡಿದ ಮಗುವಿನ ಬೆರಗು. ಇದು ಹಾಗಲ್ಲ. ಇದು ನನಗೆ ಗೊತ್ತಿದ್ದ ಕೆಲಸ. ಕಂಬ ತಿರುಗುವಾಗ ಯಾರೋ ಒಬ್ಬರು ಪಕ್ಕದಲ್ಲಿ ಕೂತು ಮರಳು ಹಾಕಿ ನೀರು ಚಿಮುಕಿಸಿರಲೇಬೇಕು. ಅವರ ಉಗುರಿನ ಸಂದಿಯಲ್ಲೂ ಹೋಗದ ಕೆಸರು ಇದ್ದಿರಬೇಕು. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಬೇಕು ಎಂದೂ ತೋಚಲಿಲ್ಲ.

ನಮ್ಮ ಹಿಂದೆ ಮಿಸ್ಸು ನಿಂತಿದ್ದದ್ದು ಆಮೇಲೆ ಗೊತ್ತಾಯಿತು. ಇದನ್ನು ನೀವು ಹೇಗೆ ಕಂಡುಹಿಡಿದಿರಿ ಎಂದು ಅಪ್ಪನನ್ನು ಕೇಳಿದರು. ಅಪ್ಪ ಗಡಬಡಿಸಿ ಎದ್ದು ನಿಂತು, ಒರಳಿಗೆ ಗುಂಡು ಕೂರಿಸುವ ವಿಷಯ ಹೇಳಿದ. ಮೊದಲು ತಡವರಿಸಿದ, ಆಮೇಲೆ ಮರೆತು ಮಾತಾಡಿದ. ಕೈಯಲ್ಲೇ ಮರಳು ಹಾಕಿ, ಕೈಯಲ್ಲೇ ಗುಂಡು ತಿರುಗಿಸಿ ತೋರಿಸಿದ. ದೇವರ ಹೆಸರಾಗಲಿ ರಾಜನ ಹೆಸರಾಗಲಿ ಅವನಿಗೆ ಗೊತ್ತಿರಲಿಲ್ಲ. ಈ ಬಳೆ ಮೊದಲು ಬಂದಿರಬೇಕು, ಆ ತಟ್ಟೆ ಆಮೇಲೆ, ಇಲ್ಲಿ ಒತ್ತಿ ಹಿಡಿದಿದ್ದರೆ ಅಂಚು ಚಕ್ಕೆ ಏಳುತ್ತಿತ್ತು, ಒಂದು ಚಕ್ಕೆಯೂ ಎದ್ದಿಲ್ಲ ಎಂದು ತೋರಿಸುತ್ತಾ ಹೋದ. ಗೈಡು ತನ್ನ ಮಾತು ನಿಲ್ಲಿಸಿ ಕೇಳಿದ. ಓದಿದವರೂ ಇದನ್ನು ತಿರುಗಿಸಿಯೇ ಮಾಡಿದ್ದು ಅನ್ನುತ್ತಾರೆ ಎಂದ. ಬಳಪದ ಕಲ್ಲೆಂದು ಹಗುರಾಗಿ ಆಡಿದ್ದು ತಪ್ಪಾಯಿತು ಎಂದು ಅಪ್ಪ ಕಂಬದ ಕಡೆ ತಿರುಗಿ ಎರಡೂ ಕೆನ್ನೆಗೆ ಬಡಿದುಕೊಂಡ.

ಮಿಸ್ಸು ಎಲ್ಲ ಹುಡುಗಿಯರಿಗೂ ಸಾಲಾಗಿ ಬಂದು ಉಗುರಿಟ್ಟು ನೋಡಲು ಹೇಳಿದರು. ಒಬ್ಬೊಬ್ಬರೇ ಬಂದರು. ಬ್ಯಾಂಕ್ ಆಫೀಸರ ಮಗಳೂ ಬಂದು, ಮೆಹಂದಿ ಹಚ್ಚಿದ ಉಗುರನ್ನು ಕಂಬದ ಮೇಲೆ ಸರಿಸಿ, ಅಬ್ಬ ಎಂದಳು. ಯಾರೂ ನಗುತ್ತಿರಲಿಲ್ಲ.

ಹೊರಡುವಾಗ ಕಾವಲುಗಾರ ಉಳಿ ತಂದುಕೊಟ್ಟ. ಕೊಡುವ ಮುಂಚೆ ಸುತ್ತ ನೋಡಿ, ಬನ್ನಿ ಯಜಮಾನರೇ, ಬೇಗ ಮುಟ್ಟಿಸಿಬಿಡಿ ಎಂದ. ಅಪ್ಪ ಹೊಸ್ತಿಲಿಗೆ ಉಳಿಯ ಹಿಂಬದಿಯನ್ನು ಮುಟ್ಟಿಸಿ ಕಣ್ಣಿಗೊತ್ತಿಕೊಂಡ.

ವಾಪಸ್ಸು ಬರುವಾಗ ನಾನು ಡ್ರೈವರ್ ಪಕ್ಕದ ಸೀಟಿನಲ್ಲಿ ಅಪ್ಪನ ಜೊತೆ ಕೂತೆ. ಹಾಸನ ದಾಟಿದ ಮೇಲೆ ಸಂಜೆ ಬಿಸಿಲು ರಾಗಿ ಹೊಲಗಳ ಮೇಲೆ ಬಿದ್ದಿತ್ತು. ಅಪ್ಪ ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಒರಳುಕಲ್ಲು ಅನ್ನೋಕೆ ನಾಚಿಕೆ ಆಯ್ತಾ?" ಎಂದು ಕೇಳಿದ.

ಅಂದು ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ. ಹೂಂ ಎಂದೆ.

"ನಂಗೂ ಆಗ್ತಿತ್ತು," ಎಂದ ಅಪ್ಪ. "ಇವತ್ತಿನ ಗಂಟ."

ಅಪ್ಪನಂಥ ಅಪ್ಪನಿಗೂ ನಾಚಿಕೆ ಇತ್ತು ಎನ್ನುವುದು ನನಗೆ ಆ ಗುಡಿಗಿಂತ ದೊಡ್ಡ ಆಶ್ಚರ್ಯವಾಗಿತ್ತು. ಅವನ ತೋಳಿಗೆ ಒರಗಿ ಹಾಗೇ ನಿದ್ದೆ ಹೋದೆ.

ಸೋಮವಾರ ಸ್ಕೂಲಿಗೆ ಹೋದೆ. ಹೋಗುವುದಿಲ್ಲ ಎಂಬ ತೀರ್ಮಾನ ಏನಾಯಿತು ಎಂದು ಯಾರೂ ಕೇಳಲಿಲ್ಲ. ಮಿಸ್ಸು ಹಾಜರಿ ಕರೆದು ಮುಗಿಸಿ, ತಮ್ಮ ಮನೆಗೆ ಒಂದು ಒರಳು ಬೇಕು, ನಿಮ್ಮ ತಂದೆಯವರಿಗೆ ಹೇಳುತ್ತೀಯಾ ಎಂದು ಎಲ್ಲರ ಎದುರಿಗೇ ಕೇಳಿದರು. ಹೇಳ್ತೀನಿ ಮಿಸ್ ಎಂದೆ, ಗಟ್ಟಿಯಾಗಿಯೇ.

ಆ ಒರಳಿನ ಗುಂಡಿಗೆ ಅಪ್ಪ ಹೊಸದೊಂದು ಕೆಲಸ ಮಾಡಿದ. ಕೈಯಲ್ಲಿ ಹಿಡಿಯುವ ಕತ್ತಿನ ಸುತ್ತ ಮೂರು ಬಳೆ ತೆಗೆದ. ಗುಂಡನ್ನು ಕುಳಿಯಲ್ಲಿ ನಿಲ್ಲಿಸಿ ನಾನು ತಿರುಗಿಸುತ್ತಿದ್ದೆ, ಬೇಲೂರಿನ ಹೊಸ್ತಿಲು ಮುಟ್ಟಿದ ಉಳಿಯನ್ನು ಅವನು ಕದಲದೆ ಹಿಡಿದು ಕೂರುತ್ತಿದ್ದ. ನಮ್ಮ ಕಲ್ಲು ಗಡುಸು, ಬೇಲೂರಿನದರ ಹಾಗೆ ಮಾತು ಕೇಳುವುದಿಲ್ಲ. ಉಳಿ ಜಾರಿತು, ಮೊಂಡಾಯಿತು. ಮೊದಲ ಗುಂಡು ಮುಗಿಯಲು ಹತ್ತು ದಿನ ಹಿಡಿಯಿತು. ಉಗುರಿಟ್ಟು ನೋಡಿದರೆ ನಾಲ್ಕು ಕಡೆ ಸಿಕ್ಕಿಕೊಳ್ಳುತ್ತಿತ್ತು. ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ, ಅವರೆಲ್ಲಿ ನಾವೆಲ್ಲಿ ಎಂದೂ ಅನ್ನಲಿಲ್ಲ. ಅವ್ವ ಮಾತ್ರ, ಹಿಟ್ಟು ರುಬ್ಬುವ ಗುಂಡಿಗೆ ಯಾಕೆ ಬಳೆ ಸಿಂಗಾರ ಎಂದು ರೇಗಿಸಿದಳು. ಆದರೆ ಬಳೆ ಇದ್ದರೆ ಹಿಟ್ಟಿನ ಕೈ ಜಾರುವುದಿಲ್ಲ ಎಂದು ಮಿಸ್ಸಿನ ಮನೆಯಿಂದಲೇ ಸುದ್ದಿ ಬಂತು. ಅಲ್ಲಿಂದ ಮುಂದೆ ಅಪ್ಪ ಮಾಡಿದ ಪ್ರತಿ ಗುಂಡಿಗೂ ಮೂರು ಬಳೆ. ಇದೇನು ಎಂದು ಯಾರಾದರೂ ಕೇಳಿದರೆ ಬೇಲೂರಿನಿಂದ ತಂದದ್ದು ಎನ್ನುತ್ತಿದ್ದ.

ಆ ವೈಭವ ಬಹಳ ವರ್ಷ ನಡೆಯಲಿಲ್ಲ. ಎಂಬತ್ತರ ದಶಕ ಬಂತು, ಮನೆ ಮನೆಗೂ ಮಿಕ್ಸಿ ಬಂತು. ಹೊಸ ಮನೆಗಳಲ್ಲಿ ಒರಳಿಗೆ ಜಾಗವನ್ನೇ ಬಿಡುತ್ತಿರಲಿಲ್ಲ. ಅಪ್ಪ ಕೆಲವು ದಿನ ಕಾಂಪೌಂಡಿನ ಚಪ್ಪಡಿ ಕಡಿದ, ಕೆಲವು ದಿನ ಮೆಟ್ಟಿಲು ಕಡಿದ. ಆಮೇಲೆ ತೋಳು ಸೋತಿತು. ಮನೆಯ ಮುಂದೆ ಚಕ್ಕೆ ಬೀಳುವುದು ನಿಂತು, ಅವ್ವನ ರಂಗೋಲಿ ಸಂಜೆಯವರೆಗೂ ಉಳಿಯತೊಡಗಿತು. ಅದನ್ನು ನೋಡಿ ಅವಳಿಗೂ ಖುಷಿಯಾಗಲಿಲ್ಲ.

ನಾನು ಜಯನಗರದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಆ ದಶಕದ ಕೊನೆಯ ಒಂದು ಸಂಜೆ ಬಸ್ಸಿಗೆ ಹೋಗುವಾಗ, ದಿನಾ ಹೋಗುವ ದಾರಿ ಅಗೆದಿದ್ದರೆಂದು ಪಕ್ಕದ ಕ್ರಾಸಿಗೆ ತಿರುಗಿದೆ. ಒಂದು ಹಳೆಯ ಮನೆಯ ಗೇಟು ಗಾಳಿಗೆ ಮುಚ್ಚಿಕೊಳ್ಳದಿರಲೆಂದು ಅದಕ್ಕೆ ಕಲ್ಲು ಒತ್ತಿಟ್ಟಿದ್ದರು. ನಾಲ್ಕು ಹೆಜ್ಜೆ ಮುಂದೆ ಹೋಗಿ ಹಿಂದಕ್ಕೆ ಬಂದೆ. ಗುಂಡು. ಕತ್ತಿನ ಸುತ್ತ ಮೂರು ಬಳೆ.

ಅಲ್ಲೇ ಬೀದಿಯಲ್ಲಿ ಕೂತು ಉಗುರಿಟ್ಟು ನೋಡುತ್ತಿದ್ದಾಗ ಮನೆಯ ಹೆಂಗಸು ಹೊರಗೆ ಬಂದರು. ಏನಮ್ಮ ಹುಡುಕುತ್ತಿದ್ದೀಯ ಎಂದು ಅನುಮಾನದಿಂದಲೇ ಕೇಳಿದರು. ಇದು ನಮ್ಮ ತಂದೆ ಮಾಡಿದ್ದು ಎಂದೆ. ಅವರ ಮುಖ ಸಡಿಲವಾಯಿತು. ತಮ್ಮ ಅತ್ತೆ ಕೊನೆಯವರೆಗೂ ಇದರಲ್ಲೇ ರುಬ್ಬುತ್ತಿದ್ದರು, ಮಿಕ್ಸಿಯ ಚಟ್ನಿ ಮುಟ್ಟುತ್ತಿರಲಿಲ್ಲ, ಅವರು ಹೋದ ಮೇಲೆ ಒರಳು ಹಿತ್ತಿಲಿಗೂ ಗುಂಡು ಗೇಟಿಗೂ ಬಂತು ಎಂದರು. ಆಮೇಲೆ ತಾವೂ ಬಾಗಿ ನೋಡಿದರು.

"ಎಷ್ಟು ಚೆನ್ನಾಗಿ ಡಿಸೈನ್ ಮಾಡಿದಾರೆ ಅಲ್ವಾ? ನಿಮ್ಮ ತಂದೆ ಶಿಲ್ಪಿನಾ?"

"ಅಲ್ಲ ಆಂಟಿ," ಎಂದೆ. "ಒರಳುಕಲ್ಲು ಮಾಡ್ತಿದ್ರು."

ಮ‌ನೆಗೆ ಬಂದು ಅಪ್ಪನಿಗೆ ಗುಂಡು ಸಿಕ್ಕಿದ್ದು, ಆ ಮನೆಯ ಅತ್ತೆ ಕೊನೆಯವರೆಗೂ ಅದರಲ್ಲೇ ರುಬ್ಬಿದ್ದು ಎಲ್ಲ ಹೇಳಿದೆ. ಜಗಲಿಯಲ್ಲಿ ಕೂತಿದ್ದವನು ನೆಟ್ಟಗಾದ. ಗೇಟಿಗೆ ಒತ್ತಿಟ್ಟಿದ್ದಾರೆ ಎನ್ನುವುದನ್ನು ಬಿಟ್ಟು, ಬಳೆ ಹೇಗಿವೆ ಎಂದು ಕೇಳಿದ. ನನಗೆ ಹೇಳಲು ಕಷ್ಟವಾಯಿತು. ಸವೆದಿವೆ, ನೀನು ತೆಗೆದ ಅಂಚೇ ಉಳಿದಿಲ್ಲ, ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ ಎಂದೆ.

ನೊಂದುಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅಪ್ಪನ ಮುಖ ಮೆಲ್ಲಗೆ ಅರಳಿತು. ಅಷ್ಟು ಅರಳಿದ್ದನ್ನು ನಾನು ನೋಡಿದ್ದು ಬೇಲೂರಿನ ಕತ್ತಲಲ್ಲಿ ಮಾತ್ರ.

"ಎಲ್ಲೂ ಸಿಕ್ಕಾಕ್ಕೊಳ್ಲಿಲ್ವಾ?"

"ಇಲ್ಲಪ್ಪ."

"ಅಷ್ಟು ವರ್ಷ ರುಬ್ಬಿದ ಆಯಮ್ಮನ ಕೈ ಕೆಲಸ," ಎಂದ. "ನನ್ನ ಕೈಲಿ ಆಗಿರ್ನಿಲ್ಲ."

ಆ ಮನೆ ಎಷ್ಟನೇ ಕ್ರಾಸಿನಲ್ಲಿದೆ, ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದ. ನಾಳೆ ಭಾನುವಾರ, ಕರೆದುಕೊಂಡು ಹೋಗುತ್ತೇನೆ ಎಂದೆ. ಅಪ್ಪ ಒಳಗೆ ಹೋಗಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಬೇಲೂರಿಗೆ ಉಟ್ಟುಕೊಂಡು ಹೋಗಿದ್ದ ಬಿಳಿ ಪಂಚೆ ಎಲ್ಲಿದೆ ಎಂದು ಅವ್ವನನ್ನು ಕೂಗಿದ.